ನಡುಗುವ ನೆಲದ ಮೇಲೆ ನಾಲ್ಕು ಚರ್ಚುಗಳು

ಭಾನುವಾರ, ಮನಿಲಾ

ಇಂಟ್ರಾಮುರೋಸ್ ಎಂದರೆ ಮನಿಲಾದ ಹಳೆಯ ಕೋಟೆಯೊಳಗಿನ ಊರು. ಅದರ ಜನರಲ್ ಲೂನಾ ರಸ್ತೆಯಲ್ಲಿ ನಿಂತು ಸಾನ್ ಅಗುಸ್ತಿನ್ ಚರ್ಚನ್ನು ನೋಡಿದರೆ ಕಣ್ಣಿಗೆ ಮೊದಲು ಬೀಳುವುದು ಅದರ ಅಸಮತೋಲ. ಬಲಕ್ಕೆ ಗಂಟೆಗೋಪುರವಿದೆ, ಎಡಕ್ಕೆ ಇಲ್ಲ. 1880ರ ಭೂಕಂಪದಲ್ಲಿ ಎಡಗೋಪುರ ಸೀಳಿತು. ಆಮೇಲೆ ಅದನ್ನು ಕೆಳಗಿಳಿಸಿದರು, ಮತ್ತೆ ಕಟ್ಟಲಿಲ್ಲ. ಆ ಗೋಪುರದಲ್ಲಿ ತೂಗುತ್ತಿದ್ದ, ಮೂರು ಸಾವಿರ ಕಿಲೋಗೂ ಮೀರಿದ ಗಂಟೆಯನ್ನು ಪಕ್ಕದ ಮಠದ ಬಾಗಿಲಲ್ಲಿ ಇಟ್ಟಿದ್ದಾರೆ.

ಫಿಲಿಪ್ಪೀನ್ಸ್‌ನಲ್ಲಿ ಸ್ಪೇನಿನವರು ಕಟ್ಟಿಸಿದ ನಾಲ್ಕು ಬರೋಕ್ (ಅಲಂಕಾರ ತುಂಬಿದ ಯುರೋಪಿನ ಒಂದು ಶೈಲಿ) ಚರ್ಚುಗಳನ್ನು ಯುನೆಸ್ಕೊ 1993ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಮನಿಲಾದ ಈ ಚರ್ಚು, ಉತ್ತರದ ಇಲೊಕೋಸ್ ಸೀಮೆಯ ಸಾಂತಾ ಮರಿಯಾ ಮತ್ತು ಪವಾಯ್, ಪನಾಯ್ ದ್ವೀಪದ ಮಿಯಾಗಾವ್. ನಾಲ್ಕನ್ನೂ ಕಟ್ಟಿಸಿದ್ದು ಒಂದೇ ಪಂಗಡ, ಅಗಸ್ಟೀನಿಯನ್ ಸಂನ್ಯಾಸಿಗಳು. ಆದರೂ ಒಂದರಂತೆ ಇನ್ನೊಂದಿಲ್ಲ. ಅದೇಕೆ ಎಂದು ಕಣ್ಣಾರೆ ನೋಡಬೇಕೆಂಬ ಆಸೆ ನನಗೆ ಬಹಳ ವರ್ಷಗಳಿಂದ ಇತ್ತು. ಅಕ್ಕನ ಮಗಳು ಮನಿಲಾದಲ್ಲಿ ಕೆಲಸಕ್ಕಿದ್ದಾಳೆ. ಅವಳನ್ನು ನೋಡಲು ಹೊರಟ ಅಕ್ಕನ ಜೊತೆ ನಾನೂ ಹೊರಟೆ.

ಅಗಸ್ಟೀನಿಯನ್ನರು ಈ ದ್ವೀಪಗಳಿಗೆ ಬಂದದ್ದು 1565ರಲ್ಲಿ, ಇಲ್ಲಿ ಸ್ಪೇನಿನ ಆಳ್ವಿಕೆ ಶುರು ಮಾಡಿದ ಮಿಗೆಲ್ ಲೋಪೆಸ್ ದೆ ಲೆಗಾಸ್ಪಿಯ ಹಡಗುಗಳ ಜೊತೆಗೆ. 1571ರಲ್ಲಿ ಲೆಗಾಸ್ಪಿ ಮನಿಲಾವನ್ನು ರಾಜಧಾನಿ ಮಾಡಿಕೊಂಡಾಗ ಇವರು ಬಿದಿರು, ತಾಳೆ ಜಾತಿಯ ನೀಪಾ ಗರಿಗಳಿಂದ ಒಂದು ಚರ್ಚು ಕಟ್ಟಿದರು. 1574ರಲ್ಲಿ ಚೀನಾದ ಕಡಲುಗಳ್ಳ ಲಿಮಾಹಾಂಗ್ ದಾಳಿಯಿಟ್ಟಾಗ ಅದು ಸುಟ್ಟುಹೋಯಿತು. ಮರದಲ್ಲಿ ಇನ್ನೊಂದನ್ನು ಎಬ್ಬಿಸಿದರು. 1583ರಲ್ಲಿ ಗವರ್ನರ್ ಜನರಲ್ ಗೊನ್ಸಾಲೊ ರೊಂಕಿಲ್ಯೊ ದೆ ಪೆನ್ಯಲೋಸಾ ತೀರಿಕೊಂಡಾಗ ಶವಪೀಠದ ಮೇಲಿನ ಬಟ್ಟೆಗೆ ಮೇಣದಬತ್ತಿಯ ಕಿಡಿ ತಾಗಿ ಅದೂ ಬೂದಿಯಾಯಿತು. ಆಮೇಲೆಯೇ ಕಲ್ಲಿನ ಯೋಚನೆ ಬಂದದ್ದು. ಹುವಾನ್ ಮಾಸಿಯಾಸ್ ಹಾಕಿಕೊಟ್ಟ ನಕ್ಷೆಯಂತೆ 1586ರಲ್ಲಿ ಕೆಲಸ ಶುರುವಾಗಿ 1607ರಲ್ಲಿ ಮುಗಿಯಿತು. ದೇಶದ ಅತ್ಯಂತ ಹಳೆಯ ಕಲ್ಲಿನ ಚರ್ಚು ಇದೇ.

ಕಲ್ಲು ಎಂದರೆ ನಮ್ಮ ಕಣಶಿಲೆಯಂಥ ಗಟ್ಟಿ ಕಲ್ಲಲ್ಲ. ಇಲ್ಲಿ ಅದಕ್ಕೆ ಅಡೋಬೆ ಅನ್ನುತ್ತಾರೆ. ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದದ್ದು. ಮನಿಲಾದ ಸುತ್ತಮುತ್ತಲಿನ ಗ್ವಾದಲುಪೆ, ಮೆಯ್ಕವಾಯನ್‌ನಂಥ ಊರುಗಳ ಗಣಿಗಳಿಂದ ತಂದರು. ಮೆತ್ತಗಿರುವುದರಿಂದ ಕಡಿಯುವುದು ಸುಲಭ, ಆದರೆ ಗೋಡೆ ದಪ್ಪವಾಗಿರಲೇಬೇಕು. ಚರ್ಚಿನ ಉದ್ದ ಸುಮಾರು 67 ಮೀಟರ್, ಅಗಲ 25 ಮೀಟರ್. ನಡುವಿನ ದೊಡ್ಡ ಹಜಾರದ ಎರಡೂ ಪಕ್ಕಗಳಲ್ಲಿ ಚಿಕ್ಕ ಚಿಕ್ಕ ಪ್ರಾರ್ಥನಾ ಕೋಣೆಗಳ ಸಾಲಿದೆ. ನನಗೆ ಈ ಕಟ್ಟಡದಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಆ ಕೋಣೆಗಳನ್ನು ಬೇರ್ಪಡಿಸುವ ಅಡ್ಡಗೋಡೆಗಳು. ಭಕ್ತರಿಗೆ ಅವು ಕೋಣೆಯ ಗೋಡೆಗಳು ಮಾತ್ರ. ಆದರೆ ಮೇಲಿನ ಕಲ್ಲಿನ ಕಮಾನು ಚಾವಣಿ ಹೊರಕ್ಕೆ ತಳ್ಳುವ ಭಾರವನ್ನು ಹೊತ್ತು ನಿಂತಿರುವವು ಅವೇ. ಹೊರಗೆ ಕಾಣಬೇಕಾದ ಆಸರೆಗೋಡೆಗಳನ್ನು, ಅಂದರೆ ಎಂಜಿನಿಯರುಗಳು ಬಟ್ರೆಸ್ ಎನ್ನುವುದನ್ನು, ಕಟ್ಟಡದ ಒಳಗೇ ಅಡಗಿಸಿಟ್ಟಿದ್ದಾರೆ. 1645, 1754, 1852, 1863, 1880: ಇಷ್ಟೂ ದೊಡ್ಡ ಕಂಪನಗಳನ್ನು ಅದು ತಾಳಿಕೊಂಡಿತು. 1863ರಲ್ಲಿ ಸುತ್ತಲಿನ ದೊಡ್ಡ ಕಟ್ಟಡಗಳೆಲ್ಲ ಉರುಳಿದಾಗ ಇದು ಹೆಚ್ಚಿನ ಪೆಟ್ಟಿಲ್ಲದೆ ನಿಂತಿತ್ತು.

ಬೆಳಗಿನ ಪೂಜೆ ಮುಗಿದು ಮಧ್ಯಾಹ್ನದ ಮದುವೆಗೆ ಹೂವಿನ ಅಲಂಕಾರ ನಡೆಯುತ್ತಿತ್ತು. ಅಕ್ಕ ತಲೆ ಎತ್ತಿ ಚಾವಣಿ ನೋಡುತ್ತಾ, "ಎಂಥಾ ಕೆತ್ತನೆ ನೋಡೋ" ಅಂದಳು. ಹೂಬಳ್ಳಿ, ಚೌಕಟ್ಟು, ಗುಂಡು ಕಟ್ಟು ಎಲ್ಲ ಗಾರೆಯಲ್ಲಿ ಉಬ್ಬಿಸಿದ ಹಾಗೇ ಕಾಣುತ್ತವೆ. ಸ್ವಲ್ಪ ಪಕ್ಕಕ್ಕೆ ಸರಿದು ಇನ್ನೊಂದು ಕೋನದಿಂದ ನೋಡಿ ಅವಳೇ ಹೇಳಿದಳು: "ಕೆತ್ತನೆ ಅಲ್ಲ ಕಣೋ, ಬರೀ ಬಣ್ಣ!" 1875ರಲ್ಲಿ ಇಟಲಿಯ ಚೆಸಾರೆ ಅಲ್ಬೆರೋನಿ ಮತ್ತು ಜಿಯೊವಾನಿ ದಿಬೆಲ್ಲಾ ಸಪಾಟಾದ ಮೇಲ್ಮೈ ಮೇಲೆ ನೆರಳು ಬೆಳಕು ಹಾಕಿ ಬರೆದ ಚಿತ್ರ ಅದು. ನಡುಗುವ ನೆಲದ ಊರಲ್ಲಿ ತಲೆಯ ಮೇಲೆ ಭಾರ ಹೇರದೆ ವೈಭವ ತರುವುದಕ್ಕೆ ಇದಕ್ಕಿಂತ ಒಳ್ಳೆಯ ಉಪಾಯ ಇರಲಾರದು.

ಬಾಗಿಲ ಮುಂದೆ ಕಲ್ಲಿನ ಸಿಂಹಗಳಿವೆ, ಚೀನೀ ದೇವಾಲಯಗಳ ಮುಂದೆ ಕೂರುವಂಥವೇ. ಕ್ರೈಸ್ತರಾದ ಚೀನೀಯರು ಕೊಟ್ಟ ಕಾಣಿಕೆ. ಬಲಿಪೀಠದ ಎಡಕ್ಕೆ ಲೆಗಾಸ್ಪಿಯ ಸಮಾಧಿ.

ಸೋಮವಾರ, ಮತ್ತೆ ಮನಿಲಾ

ಇವತ್ತು ಮಠದ ವಸ್ತುಸಂಗ್ರಹಾಲಯ. 1945ರ ಫೆಬ್ರುವರಿಯಲ್ಲಿ ಮನಿಲಾ ಯುದ್ಧ ನಡೆದಾಗ ಜಪಾನೀ ಸೇನೆ ಸಾವಿರಾರು ಜನರನ್ನು ಒತ್ತೆಯಾಗಿ ಈ ಚರ್ಚಿನೊಳಗೆ ತುಂಬಿತ್ತು. ಆ ಒಂದೇ ತಿಂಗಳಲ್ಲಿ ನಗರದ ಸುಮಾರು ಒಂದು ಲಕ್ಷ ನಾಗರಿಕರು ಸತ್ತರು. ಕೋಟೆಯೊಳಗಿದ್ದ ಏಳು ಚರ್ಚುಗಳಲ್ಲಿ ಉಳಿದದ್ದು ಇದೊಂದೇ. ಪಕ್ಕದ ಮಠ ನೆಲಸಮವಾಯಿತು; ಈಗ ನಾವು ಓಡಾಡುವುದು 1970ರ ದಶಕದಲ್ಲಿ ಪುನಃ ಕಟ್ಟಿದ ಮೊಗಸಾಲೆಗಳಲ್ಲಿ.

ಭಾರತದವರು ಇಲ್ಲಿ ನೆನೆಯಬೇಕಾದ ಒಂದು ಪ್ರಸಂಗವಿದೆ. 1762ರಲ್ಲಿ ಮನಿಲಾವನ್ನು ಗೆದ್ದ ಬ್ರಿಟಿಷ್ ದಂಡು ಹೊರಟದ್ದು ಮದರಾಸಿನಿಂದ. ವಿಲಿಯಂ ಡ್ರೇಪರ್ ಅದರ ದಂಡನಾಯಕ. ಗೋರರ ಜೊತೆ ನಮ್ಮ ಕಡೆಯ ಸಿಪಾಯಿಗಳೂ ಅದರಲ್ಲಿದ್ದರು. ಆ ಸೇನೆ ಸಾನ್ ಅಗುಸ್ತಿನ್ ಚರ್ಚನ್ನು ಸೂರೆ ಮಾಡಿತು. ಎರಡು ವರ್ಷಗಳ ಬಳಿಕ ಬ್ರಿಟಿಷರು ವಾಪಸು ಹೊರಟಾಗ ಕೆಲವು ಸಿಪಾಯಿಗಳು ಹಡಗು ಹತ್ತಲೇ ಇಲ್ಲ. ಮನಿಲಾದ ಪೂರ್ವಕ್ಕಿರುವ ಕೈಂತಾ ಎಂಬ ಊರಲ್ಲಿ ಮದುವೆಯಾಗಿ ನೆಲೆ ನಿಂತರು, ಅವರ ಸಂತತಿ ಇಂದಿಗೂ ಅಲ್ಲಿದೆ. ದಂತದ ಸಂತ ಮೂರ್ತಿಗಳ ಗಾಜಿನ ಪೆಟ್ಟಿಗೆಯ ಎದುರು ನಿಂತಾಗ, ಆ ಲೂಟಿಯಲ್ಲಿ ನಮ್ಮ ಕಡೆಯ ಯಾವ ಮನೆಯ ಹುಡುಗರ ಕೈ ಇತ್ತೋ ಎಂದು ನನಗೆ ಸಂಕಟವಾಯಿತು.

ಕೆಳಗಿನ ತೋಟಕ್ಕೆ ಪಾದ್ರಿ ಮಾನ್ವೆಲ್ ಬ್ಲಾಂಕೊ ಅವರ ಹೆಸರಿದೆ. ಈ ದ್ವೀಪಗಳ ಗಿಡಮರಗಳನ್ನೆಲ್ಲ ವರ್ಣಿಸಿ ದೊಡ್ಡ ಗ್ರಂಥ ಬರೆದ ಅಗಸ್ಟೀನಿಯನ್ ಸಂನ್ಯಾಸಿ ಅವರು. ಚರ್ಚಿನ ಸಾಮಗ್ರಿ ಕೋಣೆಯಲ್ಲೇ 1898ರ ಆಗಸ್ಟ್‌ನಲ್ಲಿ ಸ್ಪೇನಿನ ಗವರ್ನರ್ ಫೆರ್ಮಿನ್ ಹೌದೆನೆಸ್ ಅಮೆರಿಕನ್ನರಿಗೆ ಶರಣಾಗುವ ಷರತ್ತುಗಳನ್ನು ಸಿದ್ಧಪಡಿಸಿದ. ಮೂರು ಶತಮಾನಗಳ ಆಳ್ವಿಕೆ ಶುರು ಮಾಡಿದವನ ಗೋರಿ, ಮುಗಿಸಿದವನ ಮೇಜು ಎರಡೂ ಒಂದೇ ಸೂರಿನಡಿ.

ರಾತ್ರಿ ಉತ್ತರಕ್ಕೆ ಬಸ್ಸು.

ಮಂಗಳವಾರ, ಸಾಂತಾ ಮರಿಯಾ

ಬೆಳಗಿನ ಜಾವ ಹೆದ್ದಾರಿಯಲ್ಲಿ ಇಳಿದು ಮೂರು ಗಾಲಿಯ ಟ್ರೈಸಿಕಲ್ ಹಿಡಿದೆವು. ಸ್ಪೇನಿನವರು ಕಟ್ಟಿದ ಊರುಗಳಿಗೆ ಒಂದು ಕ್ರಮವಿದೆ: ನಡುವೆ ಚೌಕ, ಚೌಕಕ್ಕೆ ಮುಖ ಮಾಡಿ ಚರ್ಚು, ಎದುರಿಗೆ ಸರಕಾರಿ ಕಟ್ಟಡ, ಸುತ್ತ ದೊಡ್ಡವರ ಮನೆಗಳು. ಚದುರಿಹೋಗಿದ್ದ ಹಳ್ಳಿಗರನ್ನು ಒಟ್ಟುಗೂಡಿಸಿ ಗಂಟೆಯ ಸದ್ದು ಕೇಳುವಷ್ಟು ಹತ್ತಿರದಲ್ಲಿ ನೆಲೆಗೊಳಿಸುವುದೇ ಪಾದ್ರಿಗಳ ಮೊದಲ ಕೆಲಸವಾಗಿತ್ತು. ತೆರಿಗೆ ವಸೂಲಿಗೂ ಧರ್ಮಬೋಧನೆಗೂ ಅದು ಅನುಕೂಲ. ಸಾಂತಾ ಮರಿಯಾ ಈ ಕ್ರಮವನ್ನು ಮುರಿದಿದೆ. ಚರ್ಚು ಚೌಕದಲ್ಲಿಲ್ಲ, ಊರಿನ ಮೇಲಿನ ಗುಡ್ಡದಲ್ಲಿದೆ, ಸುತ್ತ ಕೋಟೆಯಂಥ ತಡೆಗೋಡೆ. ಕೆಳಗಿನಿಂದ ಅಗಲವಾದ ಕಲ್ಲಿನ ಮೆಟ್ಟಿಲುಗಳು. ಅಕ್ಕ ನಡುವೆ ಎರಡು ಸಲ ಕುಳಿತು ಹತ್ತಿದಳು. ಶಾಲೆಯ ಮಕ್ಕಳು ನಮ್ಮ ಪಕ್ಕದಲ್ಲೇ ಓಡಿಕೊಂಡು ಹೋದರು.

ಕಟ್ಟಡ 1765ರ ಹೊತ್ತಿಗೆ ಶುರುವಾದದ್ದು, ಪೂರ್ತಿ ಇಟ್ಟಿಗೆಯದು. ಉದ್ದನೆಯ ಪೆಟ್ಟಿಗೆಯಾಕಾರ, ನೇರವಾದ ಮಾಡು, ಅದನ್ನು ಮರೆಮಾಡುವ ಎತ್ತರದ ಮುಂಗೋಡೆ. ಪಕ್ಕದ ಬಾಗಿಲುಗಳ ಸುತ್ತ ಸ್ವಲ್ಪ ಹೂಕೆತ್ತನೆ ಬಿಟ್ಟರೆ ಗೋಡೆಗಳಲ್ಲಿ ಅಲಂಕಾರವೇ ಇಲ್ಲ. ಇರುವುದು ಸಾಲಾಗಿ ನಿಂತ ದಪ್ಪ ಆಸರೆಗೋಡೆಗಳು. ಮನಿಲಾದಲ್ಲಿ ಒಳಗೆ ಅಡಗಿದ್ದವು ಇಲ್ಲಿ ಹೊರಗೆ ಬಂದು ನಿಂತಿವೆ. ಬಿಸಿಲಿಗೆ ಮಳೆಗೆ ಮಾಗಿದ ಇಟ್ಟಿಗೆಯ ಕೆಂಪು, ಸಂದುಗಳಲ್ಲಿ ಬೆಳೆದ ಹಸಿರು, ಇವೆರಡೇ ಇದರ ಒಡವೆ. ಇಡೀ ಚರ್ಚನ್ನು ತೆಪ್ಪದ ಹಾಗೆ ಒಂದೇ ಅಖಂಡ ತಳಪಾಯದ ಮೇಲೆ ನಿಲ್ಲಿಸಿದ್ದಾರೆ, ನೆಲ ಅಲುಗಿದರೆ ಎಲ್ಲವೂ ಒಟ್ಟಿಗೇ ಅಲುಗಲಿ ಎಂದು, ಅಂತ ಊರವರು ಹೇಳುತ್ತಾರೆ.

ಗಂಟೆಗೋಪುರ ಚರ್ಚಿಗೆ ಅಂಟಿಕೊಂಡಿಲ್ಲ. ಎಂಟು ಮೂಲೆಯ, ಅಂತಸ್ತು ಅಂತಸ್ತಾಗಿ ಕಿರಿದಾಗುತ್ತಾ ಹೋಗುವ ಗೋಪುರವನ್ನು 1810ರಲ್ಲಿ ದೂರದಲ್ಲಿ ಪ್ರತ್ಯೇಕವಾಗಿ ಕಟ್ಟಿದರು. ನೆಲ ಕುಸಿದು ಸ್ವಲ್ಪ ವಾಲಿದೆ. ದೂರ ಕಟ್ಟಿದ್ದಕ್ಕೆ ಕಾರಣ ಸರಳ. ಕಂಪನ ಬಂದಾಗ ಎತ್ತರದ ಗೋಪುರವೂ ತಗ್ಗಿನ ಚರ್ಚೂ ಬೇರೆ ಬೇರೆ ಲಯದಲ್ಲಿ ತೂಗುತ್ತವೆ. ಅಂಟಿಕೊಂಡಿದ್ದರೆ ಒಂದನ್ನೊಂದು ಗುದ್ದಿ ಒಡೆಯುತ್ತವೆ. ಗೋಪುರ ಬಿದ್ದರೂ ಒಳಗಿನ ಜನರ ಮೇಲೆ ಬೀಳಬಾರದು. ಮನಿಲಾದ ಎಡಗೋಪುರ ಕಲಿಸಬೇಕಾಗಿದ್ದ ಪಾಠವನ್ನು ಇಲೊಕೋಸ್‌ನ ಕಟ್ಟುವವರು ಎಪ್ಪತ್ತು ವರ್ಷ ಮೊದಲೇ ತಿಳಿದಿದ್ದರು!

ಒಳಗೆ ಮಾತೆ ಮರಿಯಳ ಮೂರ್ತಿ. ಊರವರು ಅವಳನ್ನು ಕರೆಯುವುದು ಅಪೊ ಬಾಕೆತ್ ಎಂದು, ಮನೆಯ ಹಿರಿಯಜ್ಜಿಯನ್ನು ಕರೆಯುವ ಹಾಗೆ. ಪೇರಲೆ ಮರದ ಮೇಲೆ ಕಾಣಿಸಿಕೊಂಡ ಮೂರ್ತಿ ಅದು ಎಂಬ ಐತಿಹ್ಯವಿದೆ. ಮೊಣಕಾಲೂರಿ ಕುಳಿತಿದ್ದ ವೃದ್ಧೆಯ ಪಕ್ಕ ಅಕ್ಕನೂ ಸುಮ್ಮನೆ ಕೂತಳು.

ಬುಧವಾರ, ವಿಗಾನ್

ವಿಗಾನ್ ಬಗ್ಗೆ ಬರೆಯುವವರು ಬಹಳ ಜನ ಇದ್ದಾರೆ, ನಾನು ಚುಟುಕಾಗಿ ಮುಗಿಸುತ್ತೇನೆ. ಕಲ್ಲು ಹಾಸಿದ ಕಾಯೆ ಕ್ರಿಸೊಲೊಗೊ ಬೀದಿ, ಕುದುರೆಗಾಡಿಗಳು, ಕೆಳಗೆ ಇಟ್ಟಿಗೆ ಮೇಲೆ ಮರದ ಮನೆಗಳು, ಗಾಜಿನ ಬದಲು ಕಪ್ಪೆಚಿಪ್ಪು ಕೂರಿಸಿದ ಕಿಟಕಿಗಳು. ಸಂಜೆ ಬೀದಿ ಬದಿಯಲ್ಲಿ ಹಸಿ ಪರಂಗಿಕಾಯಿಯ ಎಂಪನಾಡಾವನ್ನು, ಅಂದರೆ ಕರಿದ ಕಡುಬಿನಂಥದ್ದನ್ನು, ಮಾಂಸವಿಲ್ಲದೆ ಮಾಡಿಸಿಕೊಂಡು ತಿಂದೆವು. ಕಬ್ಬಿನ ವಿನೆಗರಿನಲ್ಲಿ ಅದ್ದಿ ತಿನ್ನಬೇಕು. ಇಲ್ಲಿನ ದೊಡ್ಡ ಚರ್ಚಿಗೂ ಗೋಪುರ ಬೇರೆ ಕಡೆಗೇ ಇದೆ.

ಪಕ್ಕದ ಬಾಂತಾಯ್‌ನ ಗಂಟೆಗೋಪುರ ನೋಡಲು ಮಾತ್ರ ನಾನು ಹಟ ಹಿಡಿದೆ. 1591ರಲ್ಲಿ ಗುಡ್ಡದ ಮೇಲೆ ಕಟ್ಟಿದ ಅದು ಕಡಲ ಕಡೆಯಿಂದ ಬರುವ ದಾಳಿಕೋರರನ್ನು ಕಾಣುವ ಕಾವಲುಗೋಪುರವೂ ಆಗಿತ್ತು. 2022ರ ಜುಲೈ 27ರಂದು 7.0 ತೀವ್ರತೆಯ ಭೂಕಂಪದಲ್ಲಿ ಅದರ ಇಟ್ಟಿಗೆಗಳು ಧೂಳೆಬ್ಬಿಸಿ ಉದುರಿದ ದೃಶ್ಯವನ್ನು ನಾನು ಮನೆಯಲ್ಲಿ ಕುಳಿತು ಮೊಬೈಲಿನಲ್ಲಿ ನೋಡಿದ್ದೆ. ಅಂದು ನೋಡಿದ್ದರಿಂದಲೇ ಈ ಪ್ರವಾಸವನ್ನು ಇನ್ನು ಮುಂದೂಡಬಾರದು ಅನ್ನಿಸಿತ್ತು. ಭೂಕಂಪ ಇಲ್ಲಿ ಇತಿಹಾಸದ ಮಾತಲ್ಲ.

ಗುರುವಾರ, ಪವಾಯ್

ಚಿತ್ರಗಳಲ್ಲಿ ನೂರು ಸಲ ನೋಡಿದ್ದರೂ ಪವಾಯ್ ಚರ್ಚು ಎದುರಿಗೆ ಬಂದಾಗ ನಾನು ಮಾತು ನಿಲ್ಲಿಸಿದೆ. ಅಗಲವಾದ ಹುಲ್ಲುಹಾಸಿನ ಆಚೆ ಅದು ಎದ್ದು ನಿಂತಿಲ್ಲ, ನೆಲಕ್ಕೆ ಅಂಟಿ ಕುಳಿತಿದೆ. ಇದರ ಆಸರೆಗೋಡೆಗಳು ನೆಟ್ಟಗೆ ಇಲ್ಲ. ಬುಡದಲ್ಲಿ ದೊಡ್ಡ ಸುರುಳಿ, ಅದರ ಮೇಲೆ ಚಿಕ್ಕ ಸುರುಳಿ, ತುದಿಯಲ್ಲಿ ಗೋಪುರದಂಥ ಕಲಶ, ಹೀಗೆ ಎರಡೂ ಪಕ್ಕ, ಹಿಂಬದಿಗೂ ಸಾಲು ಸಾಲಾಗಿ ಹೊರಕ್ಕೆ ಚಾಚಿವೆ. ಒಂದೊಂದೂ ಒಂದೂವರೆ ಮೀಟರಿಗಿಂತ ದಪ್ಪ. ಪಕ್ಕದಿಂದ ನೋಡಿದರೆ ಯುರೋಪಿನ ಚರ್ಚು ಎನ್ನುವುದಕ್ಕಿಂತ ಜಾವಾದ ಬೌದ್ಧ ಸ್ತೂಪ ಬೊರೊಬುದುರ್ ನೆನಪಾಗುತ್ತದೆ ಎಂದು ಅನೇಕ ಕಲಾ ಇತಿಹಾಸಕಾರರು ಹೇಳಿದ್ದಾರೆ, ನನಗೂ ಹಾಗೇ ಅನ್ನಿಸಿತು. ಭೂಕಂಪ ತಾಳುವಂತೆ ಬರೋಕನ್ನು ಮಾರ್ಪಡಿಸಿದ್ದಕ್ಕೆ ಭೂಕಂಪ ಬರೋಕ್ ಎನ್ನುತ್ತಾರೆ; ಆ ಶೈಲಿಗೆ ಒಂದು ಉದಾಹರಣೆ ಹೇಳಬೇಕೆಂದರೆ ಎಲ್ಲರೂ ಬೆರಳು ತೋರಿಸುವುದು ಇದರ ಕಡೆಗೇ.

ಪಾದ್ರಿ ಅಂತೋನಿಯೊ ಎಸ್ತಾವಿಲ್ಯೊ 1694ರಲ್ಲಿ ಕಟ್ಟಡ ಆರಂಭಿಸಿದರು, 1710ರಲ್ಲಿ ಮುಗಿಯಿತು. ನಡುವೆ 1706ರಲ್ಲೇ ಒಂದು ಭೂಕಂಪದ ಪೆಟ್ಟು ಬಿತ್ತು. ಗೋಡೆಗಳನ್ನು ಹತ್ತಿರ ಹೋಗಿ ನೋಡಬೇಕು. ಕೆಳಭಾಗದಲ್ಲಿ ಸಮುದ್ರದಿಂದ ತೆಗೆದ ಹವಳದ ಕಲ್ಲಿನ ದಿಮ್ಮಿಗಳು, ಮೇಲ್ಭಾಗದಲ್ಲಿ ಇಟ್ಟಿಗೆ. ಮುಂಗೋಡೆಯಲ್ಲಿ ಮಾತ್ರ ಈ ಕ್ರಮ ತಿರುವುಮುರುವು: ಕೆಳಗೆ ಇಟ್ಟಿಗೆ, ಮೇಲೆ ಹವಳದ ಕಲ್ಲು. ಬೆರಳಿಟ್ಟರೆ ಹವಳದ ಸಣ್ಣ ಸಣ್ಣ ರಂಧ್ರಗಳು ತಾಗುತ್ತವೆ. ಇವನ್ನು ಬೆಸೆದ ಗಾರೆಗೆ ಮರಳು, ಸುಣ್ಣದ ಜೊತೆ ಕಬ್ಬಿನ ಹಾಲು ಸೇರಿಸಿದ್ದರು. ಮಾವಿನೆಲೆ, ಚರ್ಮ, ಭತ್ತದ ಹುಲ್ಲು ಹಾಕಿ ಕುದಿಸುತ್ತಿದ್ದರಂತೆ. ನಮ್ಮಲ್ಲಿ ಹಳೆಯ ಮನೆಗಳ ಗಾರೆ ಅರೆಯುವಾಗ ಬೆಲ್ಲದ ನೀರು, ಅಳಲೆಕಾಯಿ ಹಾಕುತ್ತಿದ್ದದ್ದು ಅಕ್ಕನಿಗೆ ಚೆನ್ನಾಗಿ ನೆನಪಿದೆ. "ಅಜ್ಜನ ಮನೆ ಗೋಡೆಗೆ ಮೊಳೆ ಹೊಡೆಯೋಕೆ ಆಗ್ತಿರಲಿಲ್ಲ ನೋಡು" ಅಂದಳು. ಸುಣ್ಣಕ್ಕೆ ಸಿಹಿ ಸೇರಿಸುವ ವಿದ್ಯೆಯನ್ನು ಯಾರೂ ಯಾರಿಂದಲೂ ಕಲಿಯಬೇಕಾಗಿರಲಿಲ್ಲ, ಕಬ್ಬು ಬೆಳೆದ ನಾಡುಗಳ ಕೈಗಳಿಗೆ ಅದು ತಾನಾಗಿ ಸಿಕ್ಕಿತು.

ಪಕ್ಕದ ಗೋಡೆಯ ನಟ್ಟನಡುವೆ, ಎರಡೂ ಕಡೆ, ಒಂದೊಂದು ಜೋಡಿ ಆಸರೆಗೋಡೆಗಳಿಗೆ ಮೆಟ್ಟಿಲುಗಳಿವೆ. ಬಿರುಗಾಳಿಗೆ ಕಿತ್ತುಹೋಗುವ ಮಾಡನ್ನು ದುರಸ್ತಿ ಮಾಡಲು ಮೇಲೆ ಹತ್ತುವ ದಾರಿ ಅದು. ಬಿದ್ದದ್ದನ್ನು ಮತ್ತೆ ಮತ್ತೆ ಸರಿಪಡಿಸಬೇಕಾಗುತ್ತದೆ ಎಂದು ಕಟ್ಟುವಾಗಲೇ ಒಪ್ಪಿಕೊಂಡ ಕಟ್ಟಡ ಇದು, ನನಗೆ ಆ ವಿನಯ ಬಹಳ ಇಷ್ಟವಾಯಿತು.

ಹವಳದ ಕಲ್ಲಿನ ಗಂಟೆಗೋಪುರವನ್ನು 1793ರಲ್ಲಿ ಆರಂಭಿಸಿದರು, ಚರ್ಚಿನಿಂದ ಸಾಕಷ್ಟು ದೂರ. ಸ್ಪೇನಿನ ವಿರುದ್ಧ ಬಂಡೆದ್ದ ಕತಿಪುನಾನ್ ಕ್ರಾಂತಿಕಾರಿಗಳು 1898ರಲ್ಲಿ, ಜಪಾನೀಯರ ವಿರುದ್ಧ ಹೋರಾಡಿದ ಗೆರಿಲ್ಲಾಗಳು ಎರಡನೇ ಮಹಾಯುದ್ಧದಲ್ಲಿ ಇದರ ಮೇಲಿನಿಂದ ಕಾವಲು ಕಾದಿದ್ದರು. ಇದನ್ನು ಕಟ್ಟಿದವರ ಕತೆಯನ್ನೂ ಇಲ್ಲಿಯೇ ಹೇಳಬೇಕು. ಪೋಲೊ ಎಂಬ ಬಿಟ್ಟಿಚಾಕರಿಯ ಕಾನೂನಿನಂತೆ 16ರಿಂದ 60 ವರ್ಷದ ಗಂಡಸರು ವರ್ಷಕ್ಕೆ 40 ದಿನ ಸರಕಾರದ, ಚರ್ಚಿನ ಕೆಲಸಕ್ಕೆ ಹೋಗಲೇಬೇಕಿತ್ತು. ಹಣ ಕಟ್ಟಬಲ್ಲವರು ತಪ್ಪಿಸಿಕೊಳ್ಳಬಹುದಾಗಿತ್ತು. ಬಡವರು ಕಲ್ಲು ಹೊತ್ತರು. ಅದು 15 ದಿನಕ್ಕೆ ಇಳಿದದ್ದು 1884ರಲ್ಲಿ. ಪವಾಯ್‌ನ ಒಂದೊಂದು ಆಸರೆಗೋಡೆಯಲ್ಲೂ ಈ ಗದ್ದೆಗಳಿಂದ ಎಬ್ಬಿಸಿ ತಂದವರ ಬೆವರಿದೆ. ಇದರ ಚೆಲುವನ್ನು ಹೊಗಳುವಾಗ ನನಗೆ ಎರಡೂ ಮಾತು ಒಟ್ಟಿಗೇ ಹೇಳಬೇಕೆನಿಸುತ್ತದೆ: ಇದು ಅನ್ಯಾಯದಿಂದ ಎದ್ದದ್ದು ನಿಜ, ಇದು ಆ ಜನರ ಜಾಣ್ಮೆಯೂ ನಿಜ. ಹವಳದ ಕಲ್ಲು ಎಲ್ಲಿ ಸಿಗುತ್ತದೆ, ಎಷ್ಟು ದಿನ ಒಣಗಿಸಬೇಕು, ಗಾರೆ ಹೇಗೆ ಹದಕ್ಕೆ ಬರುತ್ತದೆ ಎನ್ನುವುದು ಸ್ಪೇನಿನಿಂದ ಬಂದ ಸಂನ್ಯಾಸಿಗೆ ಹೇಗೆ ತಿಳಿದಿರಬೇಕು?

ಸಂಜೆ ಲವಾಗ್ ತಲುಪಿ ಅಲ್ಲಿನ ಮುಳುಗುವ ಗೋಪುರ ನೋಡಿದೆವು. ಚರ್ಚಿನಿಂದ 80 ಮೀಟರಿಗೂ ಹೆಚ್ಚು ದೂರ ನಿಂತಿರುವ ಅದು ಮರಳು ನೆಲದಲ್ಲಿ ನಿಧಾನವಾಗಿ ಕುಸಿಯುತ್ತಿದೆ. ಒಂದು ಕಾಲಕ್ಕೆ ಕುದುರೆ ಸವಾರ ನುಗ್ಗುತ್ತಿದ್ದ ಬಾಗಿಲಲ್ಲಿ ಈಗ ತಲೆ ಬಗ್ಗಿಸಬೇಕು.

ಶುಕ್ರವಾರ

ಇಡೀ ದಿನ ಪ್ರಯಾಣ. ಲವಾಗ್‌ನಿಂದ ಮನಿಲಾ, ಅಲ್ಲಿಂದ ಪನಾಯ್ ದ್ವೀಪದ ಇಲೊಯ್ಲೊ.

ಶನಿವಾರ, ಮಿಯಾಗಾವ್

ಇಲೊಯ್ಲೊ ನಗರದಿಂದ ಪಶ್ಚಿಮಕ್ಕೆ ಸುಮಾರು 40 ಕಿಲೋಮೀಟರ್, ಕಡಲು ಎಡಕ್ಕೆ. ಜೀಪ್ನಿಯಲ್ಲಿ, ಅಂದರೆ ಇಲ್ಲಿ ಬಸ್ಸಿನಂತೆ ಓಡುವ ಉದ್ದನೆಯ ಜೀಪಿನಲ್ಲಿ, ಮೀನಿನ ಬುಟ್ಟಿಗಳ ನಡುವೆ ಜಾಗ ಸಿಕ್ಕಿತು. ಚರ್ಚು ಊರಿನ ಎತ್ತರದ ಜಾಗದಲ್ಲಿದೆ. ತೆಂಕಣ ದ್ವೀಪಗಳ ಮುಸ್ಲಿಂ ದಾಳಿಕೋರರು ಗುಲಾಮರಿಗಾಗಿ ದೋಣಿಗಳಲ್ಲಿ ಬರುತ್ತಿದ್ದ ಕಾಲ ಅದು. ಹಿಂದಿನ ಚರ್ಚುಗಳು ಅಂಥ ದಾಳಿಗಳಲ್ಲಿ ಸುಟ್ಟುಹೋಗಿದ್ದವು. ಹಾಗಾಗಿ 1787ರಿಂದ 1797ರವರೆಗೆ ಕಟ್ಟಿದ ಈ ಸಾಂತೊ ತೊಮಾಸ್ ದೆ ವಿಲ್ಯನುವೆವಾ ಚರ್ಚು ಕೋಟೆಯೂ ಹೌದು. ತಳಪಾಯ 6 ಮೀಟರ್ ಆಳ, ಗೋಡೆ ಒಂದೂವರೆ ಮೀಟರ್ ದಪ್ಪ, ಆಸರೆಗೋಡೆಗಳು 4 ಮೀಟರ್. ಇಲ್ಲಿ ಗೋಪುರಗಳು ದೂರ ಸರಿದಿಲ್ಲ, ಎರಡು ಪಕ್ಕಗಳಲ್ಲಿ ಮುಂಗೋಡೆಯನ್ನು ಒತ್ತಿ ಹಿಡಿದಿವೆ. ಬುಡ ಅಗಲ, ಮೇಲೆ ಹೋದಂತೆ ಕಿರಿದು. ಇಬ್ಬರು ಪಾದ್ರಿಗಳು ಬೇರೆ ಬೇರೆ ಕಾಲಕ್ಕೆ ಕಟ್ಟಿಸಿದ್ದರಿಂದ ಒಂದು ಗಿಡ್ಡ, ಒಂದು ಉದ್ದ.

ಇಷ್ಟು ಭದ್ರತೆಯ ನಡುವೆ ಆ ಮುಂಗೋಡೆ! ಅರಿಸಿನ ಬಣ್ಣದ ಕಲ್ಲಿನಲ್ಲಿ ಇಡೀ ತ್ರಿಕೋನ ತೋಟವಾಗಿದೆ. ನಟ್ಟನಡುವೆ ದೊಡ್ಡ ತೆಂಗಿನಮರ. ಅದರ ಕಾಂಡಕ್ಕೆ ಆತುಕೊಂಡು, ಬೆನ್ನ ಮೇಲೆ ಬಾಲಯೇಸುವನ್ನು ಹೊತ್ತ ಸಂತ ಕ್ರಿಸ್ತೋಫರ್. ಅಕ್ಕಪಕ್ಕ ಪರಂಗಿ, ಪೇರಲೆ ಗಿಡಗಳು, ಕಾಯಿ ಸಮೇತ. ಸಂತ ಕ್ರಿಸ್ತೋಫರ್ ಮಗುವನ್ನು ಹೊತ್ತು ನದಿ ದಾಟಿಸುವ ಕತೆ ಯುರೋಪಿನದು, ಅಲ್ಲಿ ಅವನ ಕೈಯಲ್ಲಿ ಊರುಗೋಲು ಇರುತ್ತದೆ. ಇಲ್ಲಿ ಅವನ ಮೈಮೇಲೆ ಈ ದ್ವೀಪದ ರೈತನ ಉಡುಪು, ಆಸರೆಗೆ ತೆಂಗು. ಬೇಸಾಯದ ಜನ ಹೊಳೆ ದಾಟುವಾಗ ಕೈಗೆ ಸಿಕ್ಕ ಮರ ಹಿಡಿಯುವ ಹಾಗೇ ಹಿಡಿದಿದ್ದಾನೆ. ಪೋಲೊ ಕಾನೂನಿಗೆ ಬಂದ ಉಳಿಯ ಕೈಗಳು ತಮ್ಮ ಹಿತ್ತಲನ್ನೇ ದೇವರ ಮನೆಯ ನೆತ್ತಿಗೇರಿಸಿದವು, ಪಾದ್ರಿಗಳು ಬೇಡವೆನ್ನಲಿಲ್ಲ. ನಾಲ್ಕು ಚರ್ಚುಗಳಲ್ಲಿ ನನಗೆ ಯಾವುದು ಹೆಚ್ಚು ಎಂದು ಕೇಳಿದರೆ ಕಟ್ಟಡಕ್ಕೆ ಪವಾಯ್, ಮನಸ್ಸಿಗೆ ಮಿಯಾಗಾವ್.

ಒಂದು ತಾಸು ಎದುರಿನ ನೆರಳಲ್ಲಿ ಕೂತು ನೋಡಿದೆವು. ಬಿಸಿಲು ಓರೆಯಾದಂತೆ ಪರಂಗಿ ಎಲೆಗಳ ಸೀಳುಗಳು ಒಂದೊಂದಾಗಿ ಸ್ಪಷ್ಟವಾದವು. 1910ರ ಬೆಂಕಿ, 1948ರ ಜನವರಿ 25ರ ಭಾರೀ ಭೂಕಂಪ ಎರಡನ್ನೂ ಇದು ಕಂಡಿದೆ. ಆ ಭೂಕಂಪ ಪನಾಯ್ ದ್ವೀಪದ 50ಕ್ಕೂ ಹೆಚ್ಚು ಚರ್ಚುಗಳನ್ನು ಹಾಳುಗೆಡವಿತು. ಇಲ್ಲಿನ ದುರಸ್ತಿ ಕೆಲಸ ಮುಗಿದದ್ದು 1962ರ ಸುಮಾರಿಗೆ. ಒಳಗಡೆ ಈಗ ಸರಳವಾಗಿದೆ.

ಭಾನುವಾರ, ಹಾರೊ

ವಿಮಾನ ಸಂಜೆಗಿತ್ತು, ಬೆಳಿಗ್ಗೆ ಇಲೊಯ್ಲೊ ನಗರದ ಹಾರೊ ಬಡಾವಣೆಯ ಚರ್ಚಿಗೆ ಹೋದೆವು. ಯುನೆಸ್ಕೊ ಪಟ್ಟಿಯಲ್ಲಿ ಇದು ಇಲ್ಲ. ಕಂದೆಲಾರಿಯಾ ಮಾತೆ ಎಂದು ಕರೆಯುವ ಮರಿಯಳ ಕಲ್ಲಿನ ಮೂರ್ತಿ ಮುಂಬಾಗಿಲ ಮೇಲಿನ ಮೊಗಸಾಲೆಯಲ್ಲಿದೆ. 1981ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಸ್ವತಃ ಬಂದು ಕಿರೀಟ ತೊಡಿಸಿದ ಮೂರ್ತಿ ಇದು. ಹೊರಗಿನ ಮೆಟ್ಟಿಲು ಹತ್ತಿ ಜನ ಸಾಲಾಗಿ ಹೋಗಿ ನಮಿಸುತ್ತಾರೆ, ಅಕ್ಕನೂ ಆ ಸಾಲಿನಲ್ಲಿ ನಿಂತಳು.

ನಾನು ರಸ್ತೆ ದಾಟಿದೆ, ಏಕೆಂದರೆ ಇಲ್ಲಿ ಗಂಟೆಗೋಪುರವಿರುವುದು ರಸ್ತೆಯಾಚೆಯ ಚೌಕದಲ್ಲಿ, ಚರ್ಚಿನಿಂದ ಪೂರ್ತಿ ಬೇರೆಯಾಗಿ. 1948ರ ಕಂಪನದಲ್ಲಿ ಇದಕ್ಕೂ ದೊಡ್ಡ ಪೆಟ್ಟಾಗಿತ್ತು. ಮಿಯಾಗಾವ್‌ಗೆ ಹೋಗುವವರಿಗೆ ನನ್ನದೊಂದು ಸಲಹೆ: ಅದೇ ಭೂಕಂಪವನ್ನು ಒಂದು ಕಡೆ ಚರ್ಚನ್ನು ಒತ್ತಿ ಹಿಡಿದ ಗೋಪುರಗಳು ಹೇಗೆ ಎದುರಿಸಿದವು, ಇನ್ನೊಂದು ಕಡೆ ಒಂಟಿಯಾಗಿ ನಿಂತದ್ದು ಹೇಗೆ ಎದುರಿಸಿತು ಎಂದು ನೋಡಬೇಕಾದರೆ ಹಾರೊಗೂ ಒಂದು ಬೆಳಿಗ್ಗೆ ಇಟ್ಟುಕೊಳ್ಳಿ. ಎರಡರ ನಡುವೆ ಜೀಪ್ನಿಯಲ್ಲಿ ಒಂದೂವರೆ ತಾಸಿನ ದಾರಿ ಅಷ್ಟೇ.